ಪೂಲ್‌ಗೂ ಹಾಟ್ ಟಬ್‌ಗೂ ಒಂದೇ ಹೀಟರ್: ಹಳೆಯದು ಕೆಟ್ಟರೆ ಯಾವುದನ್ನು ತರುವುದು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಪ್ಲೆಸಂಟನ್, ಸ್ಯಾನ್ ಹೋಸೆ ಕಡೆ ಹಳೆಯ ಮನೆ ಕೊಂಡ ಕನ್ನಡಿಗರಲ್ಲಿ ಕೆಲವರಿಗೆ ಹಿತ್ತಿಲ ಪೂಲ್ ಕೇಳದೆಯೇ ಬಂದಿರುತ್ತದೆ. ಅವರು ಹುಡುಕಿದ್ದು ಒಳ್ಳೆಯ ಸ್ಕೂಲಿರುವ ಬಡಾವಣೆ. ಜೊತೆಗೆ ಸಿಕ್ಕಿದ್ದು ಐವತ್ತೇಳು ಸಾವಿರ ಲೀಟರ್ ನೀರು, ಅದರ ಮೂಲೆಗೆ ಅಂಟಿಕೊಂಡ ದುಂಡನೆಯ ಹಾಟ್ ಟಬ್, ಬೇಲಿಯ ಪಕ್ಕ ಗುಂಯ್‌ಗುಡುವ ಪಂಪು, ಫಿಲ್ಟರು, ಮತ್ತು ಎರಡನ್ನೂ ಕಾಯಿಸುವ ಒಂದೇ ಒಂದು ಗ್ಯಾಸ್ ಹೀಟರು. ಕೆಲವು ವರ್ಷ ಎಲ್ಲವೂ ಸರಿ. ಆಮೇಲೆ ಒಂದು ಚಳಿಗಾಲದ ಸಂಜೆ, ಊರಿಂದ ಅಪ್ಪ ಅಮ್ಮ ಬಂದಿರುವಾಗಲೇ, ಗುಂಡಿ ಒತ್ತಿದರೂ ನೀರು ತಣ್ಣಗೇ ಇರುತ್ತದೆ. ಪೂಲ್ ನೋಡಿಕೊಳ್ಳುವವನು ಬಂದು ಮುಚ್ಚಳ ತೆಗೆದು, ‘ಹೋಗಿದೆ, ಹೊಸದು ಹಾಕಿಸಿ’ ಎಂದು ಐದಾರು ಸಾವಿರ ಡಾಲರಿನ ಅಂದಾಜು ಕೊಡುತ್ತಾನೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅರ್ಧ ಜನ ಹೀಟ್ ಪಂಪ್ ಎನ್ನುತ್ತಾರೆ, ಇನ್ನರ್ಧ ಜನ ಗ್ಯಾಸೇ ಸರಿ ಎನ್ನುತ್ತಾರೆ.

ಇಬ್ಬರೂ ತಮ್ಮ ತಮ್ಮ ಮನೆಗೆ ಸರಿಯಾದದ್ದನ್ನೇ ಹೇಳುತ್ತಿರಬಹುದು. ಪೂಲ್ ಕಾಯಿಸುವುದು ಒಂದು ಕೆಲಸ, ಟಬ್ ಕಾಯಿಸುವುದು ಬೇರೆಯದೇ ಕೆಲಸ. ಪೈಪು ಒಂದೇ ಆದ್ದರಿಂದ ನಮಗೆ ಒಂದೇ ಎನಿಸುತ್ತದೆ. ನನ್ನ ಪ್ರಕಾರ ಹೀಟರು ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ತೀರ್ಮಾನಿಸಬೇಕಾದ್ದು ಚಿಕ್ಕ ಟಬ್ಬು, ಅದು ಯಾವುದರಿಂದ ಉರಿಯಬೇಕು ಎನ್ನುವುದನ್ನು ತೀರ್ಮಾನಿಸಬೇಕಾದ್ದು ದೊಡ್ಡ ಪೂಲು. ಕೊಳ್ಳುವವರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತಾರೆ. ಲೆಕ್ಕ ಹಾಕುವ ಮೊದಲು, ಹಳೆಯದು ನಿಜವಾಗಿಯೂ ಸತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಗ್ಯಾಸ್ ಹೀಟರು ಹೊತ್ತಿಕೊಳ್ಳಲು ಅದರೊಳಗೆ ಸಾಕಷ್ಟು ನೀರು ಹರಿಯುತ್ತಿರಬೇಕು. ಹರಿವು ಕಡಿಮೆಯಾದರೆ ಒಳಗಿನ ಪ್ರೆಶರ್ ಸ್ವಿಚ್ ಬರ್ನರನ್ನು ಹೊತ್ತಲು ಬಿಡುವುದಿಲ್ಲ. ಫಿಲ್ಟರು ಕಟ್ಟಿಕೊಂಡಿದ್ದರೆ, ಪಂಪಿನ ಮುಂದಿನ ಬುಟ್ಟಿಯಲ್ಲಿ ಎಲೆ ತುಂಬಿದ್ದರೆ, ಪಂಪಿನ ವೇಗ ಇಳಿಸಿಟ್ಟಿದ್ದರೆ ಆಗುವುದು ಇದೇ. ಎಣ್ಣೆ ಹಚ್ಚಿಕೊಂಡು ಟಬ್ಬಿಗೆ ಇಳಿಯುವ ಮನೆಗಳಲ್ಲಿ ಕಾರ್ಟ್ರಿಜ್ ಫಿಲ್ಟರು ಬೇಗ ಜಿಡ್ಡುಗಟ್ಟುತ್ತದೆ ಎನ್ನುವುದನ್ನೂ ಹೇಳಿಬಿಡಬೇಕು. ಅಭ್ಯಂಜನ ಬಚ್ಚಲಲ್ಲೇ ಮುಗಿಯಲಿ. ಈಗಿನ ಪಂಪುಗಳಲ್ಲಿ ಹೆಚ್ಚಿನವು ಬೇಕಾದ ವೇಗಕ್ಕೆ ಇಟ್ಟುಕೊಳ್ಳಬಹುದಾದವು. 2021ರ ಜುಲೈಯಿಂದ ಜಾರಿಗೆ ಬಂದ ಕೇಂದ್ರ ಇಂಧನ ಇಲಾಖೆಯ ನಿಯಮದಿಂದಾಗಿ ಹಳೆಯ ಒಂದೇ ವೇಗದ ದೊಡ್ಡ ಪಂಪುಗಳು ಅಂಗಡಿಯಿಂದ ಹೆಚ್ಚುಕಡಿಮೆ ಮಾಯವಾಗಿವೆ. ಕರೆಂಟು ಉಳಿಸಲು ಹೊಸ ಪಂಪನ್ನು ನಿಧಾನಕ್ಕೆ ಇಟ್ಟ ಮರುದಿನವೇ ಹೀಟರು ‘ಕೆಟ್ಟಿತು’ ಎಂದಾದರೆ ಹೀಟರಿನ ಮೇಲೆ ಅನುಮಾನ ಬೇಡ. ಗಂಟೆಗೆ 4 ಲಕ್ಷ ಬಿಟಿಯು (ಇದು ಶಾಖದ ಅಳತೆ, ಲೆಕ್ಕ ಮುಂದಿದೆ) ಸುಡುವ ಹೀಟರಿಗೆ ನಿಮಿಷಕ್ಕೆ ಸುಮಾರು 40 ಗ್ಯಾಲನ್ ಹರಿವು ಬೇಕಾಗುತ್ತದೆ. ಹೀಟರ್ ಓಡುವಾಗ ಪಂಪಿನ ವೇಗ ತಾನಾಗಿಯೇ ಏರುವಂತೆ ಹೊಂದಿಸಿದರೆ ಸಾಕು.

ಹೊತ್ತಿಸುವ ಕಡ್ಡಿ, ಜ್ವಾಲೆ ಗುರುತಿಸುವ ಸೆನ್ಸರ್, ಥರ್ಮಲ್ ಫ್ಯೂಸು, ಪ್ರೆಶರ್ ಸ್ವಿಚ್ಚು, ಇವೆಲ್ಲ ಬಿಡಿಭಾಗಗಳು, ಬದಲಾಯಿಸಿದರೆ ಆಯಿತು. ಗ್ಯಾಸ್ ಬರುವ ಕಿರುರಂಧ್ರದಲ್ಲಿ ಜೇಡ ಬಲೆ ಕಟ್ಟಿ ಹೀಟರ್ ಹೊತ್ತದೇ ಇರುವುದು ಅಪರೂಪವಲ್ಲ. ಇಲಿಗಳಿಗಂತೂ ಚಳಿಗಾಲದಲ್ಲಿ ಅದೊಂದು ಬೆಚ್ಚನೆಯ ಛತ್ರ, ಅವು ವೈರು ಕಡಿದಿರುತ್ತವೆ. ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಮಾತ್ರ ಎಚ್ಚರ. ಆಗಲೂ ಗಾಬರಿಗೆ ಮೊದಲು ಬರ್ನರನ್ನು ಆರಿಸಿ ಪಂಪನ್ನಷ್ಟೇ ಓಡಲು ಬಿಡಿ. ತಣ್ಣನೆಯ ನೀರು ತುಂಬಿದ ಕೊಳವೆಗಳ ಮೇಲೆ ಬಿಸಿ ಹೊಗೆ ತಾಗಿದಾಗ ಬೆವರಿದಂತೆ ನೀರು ಕಟ್ಟಿ ಇಳಿಯುತ್ತದೆ; ಬರ್ನರ್ ಆರಿಸಿದ ಮೇಲೆ ಅದು ನಿಲ್ಲುತ್ತದೆ. ಬರ್ನರ್ ಆರಿ ಗಂಟೆಯಾದರೂ ತೊಟ್ಟಿಕ್ಕುತ್ತಿದ್ದರೆ ಬೆಂಕಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರೋ ಅದರ ಕೀಲೋ ತೂತಾಗಿದೆ ಎಂದರ್ಥ. ಹತ್ತು ವರ್ಷ ದಾಟಿದ ಹೀಟರಿನಲ್ಲಿ ಎಕ್ಸ್‌ಚೇಂಜರೇ ಹೋಗಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಒಳಗೆ ಕಪ್ಪು ಮಸಿ ಕಟ್ಟಿದ್ದರೆ ಮತ್ತೊಮ್ಮೆ ಹೊತ್ತಿಸಲೂಬಾರದು. ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತಿರಬಹುದು.

ಎಕ್ಸ್‌ಚೇಂಜರ್ ಏಕೆ ಹೋಯಿತು ಎನ್ನುವುದನ್ನು ತಿಳಿಯದೆ ಹೊಸದು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಳೆಯ ಹೀಟರಿನ ಮುಂಬಾಗಿಲು ತೆಗೆಸಿ ನೀವೇ ಬಗ್ಗಿ ನೋಡಿ. ಬೆರಳು ದಪ್ಪದ ತಾಮ್ರದ ಕೊಳವೆಗಳು ಸಾಲಾಗಿ, ಅವುಗಳ ಸುತ್ತ ತೆಳುವಾದ ರೆಕ್ಕೆಗಳು. ಕೊಳವೆ ಸೇರುವ ಬದಿಯಲ್ಲಿ ಹಸಿರು–ನೀಲಿ ಪುಡಿ ಕಟ್ಟಿದ್ದರೆ ಅದು ಕರಗಿಹೋದ ತಾಮ್ರ. ಟಬ್ಬಿನ ಬಿಳಿ ಗಾರೆಯ ಮೇಲೆ, ನೀರು ಚಿಮ್ಮುವ ಬಾಯಿಗಳ ಸುತ್ತ ತಿಳಿನೀಲಿ ಕಲೆ ಇದ್ದರೂ ಅದೇ ಕತೆ. ತಾಮ್ರವನ್ನು ತಿನ್ನುವುದು ಹುಳಿ ನೀರು. ಬಹುಪಾಲು ಮನೆಗಳಲ್ಲಿ ಅಪರಾಧಿ ಮೂರಿಂಚಿನ ಬಿಳಿ ಕ್ಲೋರಿನ್ ಬಿಲ್ಲೆ. ಟ್ರೈಕ್ಲೋರ್ ಎನ್ನುವ ಆ ಬಿಲ್ಲೆ ಕರಗಿದ ನೀರಿನ ಪಿಎಚ್ ಸುಮಾರು 3. ಅದನ್ನು ಸ್ಕಿಮ್ಮರ್ ಬುಟ್ಟಿಯಲ್ಲಿ ಹಾಕಿಟ್ಟು ರಾತ್ರಿ ಪಂಪು ನಿಂತರೆ ಬಿಲ್ಲೆ ಅಲ್ಲೇ ಕರಗುತ್ತಿರುತ್ತದೆ. ಬೆಳಿಗ್ಗೆ ಪಂಪು ಶುರುವಾದೊಡನೆ ಆ ಹುಳಿ ನೀರೆಲ್ಲ ಒಮ್ಮೆಗೇ ಹೀಟರಿನೊಳಗೆ ನುಗ್ಗುತ್ತದೆ. ಹೀಗೆ ದಿನವೂ ನಡೆದರೆ ಎರಡು ಮೂರು ವರ್ಷಕ್ಕೇ ತಾಮ್ರ ತೂತು ಬೀಳಬಹುದು. ಪಿಎಚ್ 7.4ರಿಂದ 7.6, ಕ್ಷಾರೀಯತೆ 80ರಿಂದ 120 ಪಿಪಿಎಂ ಇದ್ದರೆ ತಾಮ್ರಕ್ಕೆ ಆಯುಸ್ಸು. ಬಿಲ್ಲೆ ಹಾಕುವ ಡಬ್ಬ ಇದ್ದೇ ತೀರಬೇಕೆಂದರೆ ಅದು ಹೀಟರ್ ದಾಟಿದ ಮೇಲೆ ಇರಲಿ, ನಡುವೆ ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್ ಇರಲಿ. ಗಡಸು ನೀರಿನ ಫೀನಿಕ್ಸ್‌ನಂಥ ಊರುಗಳಲ್ಲಿ ಇದಕ್ಕೆ ತದ್ವಿರುದ್ಧದ ರೋಗ: ಒಳಗೆ ಸುಣ್ಣ ಕಟ್ಟಿ, ಶಾಖ ನೀರಿಗೆ ದಾಟದೆ, ಹೀಟರ್ ಆಗಾಗ ತಾನೇ ಆರಿಕೊಳ್ಳುತ್ತದೆ.

ಆದ್ದರಿಂದ ಹೊಸ ಗ್ಯಾಸ್ ಹೀಟರ್ ಕೊಳ್ಳುವಾಗ ತಾಮ್ರದ ಬದಲು ಕ್ಯುಪ್ರೋನಿಕಲ್, ಅಂದರೆ ತಾಮ್ರಕ್ಕೆ ನಿಕಲ್ ಬೆರೆಸಿದ ಎಕ್ಸ್‌ಚೇಂಜರ್ ಇರುವ ಮಾದರಿ ಕೇಳಿ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಪೂಲ್ ಇದ್ದರಂತೂ ಆ ಹೆಚ್ಚಿನ ಬೆಲೆ ದಂಡವಲ್ಲ. ಹೀಟ್ ಪಂಪುಗಳಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಕೊಳವೆ ಇರುವುದರಿಂದ ಅಲ್ಲಿ ಈ ಚಿಂತೆಯೇ ಇಲ್ಲ. ಆದರೆ ಯಾವ ಲೋಹ ಹಾಕಿದರೂ ನೀರನ್ನು ಹದದಲ್ಲಿ ಇಡದವರನ್ನು ವಾರಂಟಿ ಕಾಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಶಾಖ ಒಂದು ಬಿಟಿಯು. ಅಮೆರಿಕದ ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ. ನಾನು ಉದಾಹರಣೆಗೆ ತೆಗೆದುಕೊಂಡಿರುವ 15,000 ಗ್ಯಾಲನ್ನಿನ ಪೂಲನ್ನು ಒಂದು ಡಿಗ್ರಿ ಏರಿಸಲು ಸುಮಾರು 1,25,000 ಬಿಟಿಯು ಬೇಕು. 70ರಿಂದ 80 ಡಿಗ್ರಿಗೆ, ಅಂದರೆ 21ರಿಂದ ಸುಮಾರು 27 ಸೆಲ್ಸಿಯಸ್‌ಗೆ ತರಲು ಹನ್ನೆರಡೂವರೆ ಲಕ್ಷ. ಅಂಗಡಿಯಲ್ಲಿ ಸಿಗುವ ದೊಡ್ಡ ಮನೆಬಳಕೆಯ ಗ್ಯಾಸ್ ಹೀಟರು ಗಂಟೆಗೆ 4 ಲಕ್ಷ ಬಿಟಿಯು ಸುಡುತ್ತದೆ. ಹೆಸರಿನಲ್ಲಿರುವ ಆ ನಾಲ್ಕು ಲಕ್ಷ ಸುಡುವ ಗ್ಯಾಸಿನ ಲೆಕ್ಕ, ನೀರಿಗೆ ಸೇರುವ ಶಾಖದ್ದಲ್ಲ. 2013ರಿಂದ ಇಂಥ ಹೀಟರುಗಳು ಕನಿಷ್ಠ ಶೇ. 82 ದಕ್ಷತೆ ತೋರಿಸಬೇಕೆಂಬ ನಿಯಮವಿದೆ. ಹೆಚ್ಚಿನವು ಅದರ ಆಸುಪಾಸಿನಲ್ಲೇ ಇವೆ. ನೀರಿಗೆ ಸಿಗುವುದು ಸುಮಾರು 3,28,000. ಪೂಲ್ ಬಿಸಿಯಾಗಲು ನಾಲ್ಕು ಗಂಟೆ. ಗ್ಯಾಸ್ ಬಿಲ್ಲಿನ ಮಾತಿನಲ್ಲಿ ಹದಿನೈದು ಥರ್ಮ್. ಒಂದು ಥರ್ಮ್ ಅಂದರೆ ಒಂದು ಲಕ್ಷ ಬಿಟಿಯು. ಥರ್ಮ್‌ಗೆ ಎರಡೂವರೆ ಡಾಲರ್ ಎಂದಿಟ್ಟುಕೊಂಡರೆ ಮೂವತ್ತೆಂಟು ಡಾಲರ್. ಇದು ಬಿಸಿ ಮಾಡಲು ಮಾತ್ರ, ಬಿಸಿ ಉಳಿಸಿಕೊಳ್ಳುವ ಖರ್ಚು ಬೇರೆ.

ಟಬ್ಬಿನ ಲೆಕ್ಕ ನೋಡಿ. 500 ಗ್ಯಾಲನ್, 60 ಡಿಗ್ರಿಯಿಂದ 102ಕ್ಕೆ ಏರಬೇಕು. ಬೇಕಾದದ್ದು 1,75,000 ಬಿಟಿಯು, ಪೂಲನ್ನು ಒಂದೂವರೆ ಡಿಗ್ರಿಯಷ್ಟೂ ಏರಿಸದ ಶಾಖ. ಖರ್ಚು ಐದು ಡಾಲರಿನ ಸುತ್ತ. ಇಲ್ಲಿ ಪ್ರಶ್ನೆ ದುಡ್ಡಿನದಲ್ಲ, ಹೊತ್ತಿನದು. ಶುಕ್ರವಾರ ರಾತ್ರಿ ಎಂಟಕ್ಕೆ ‘ಟಬ್ಬಿಗೆ ಹೋಗೋಣ್ವಾ?’ ಎಂದು ಯಾರೋ ಕೇಳುತ್ತಾರೆ. 4 ಲಕ್ಷದ ಹೀಟರು ಅರ್ಧ ಗಂಟೆಯಲ್ಲಿ ಸಿದ್ಧಮಾಡುತ್ತದೆ. ಎರಡೂವರೆ ಲಕ್ಷದ್ದಾದರೆ ಐವತ್ತು ನಿಮಿಷ. ಹೀಟ್ ಪಂಪಾದರೆ ಎರಡು ಗಂಟೆಗೂ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಪೂಲಿಗೆ ನಾಲ್ಕು ಗಂಟೆಯೋ ಹತ್ತು ಗಂಟೆಯೋ ಎನ್ನುವುದು ಯಾರಿಗೂ ಲೆಕ್ಕಕ್ಕಿಲ್ಲ, ಶನಿವಾರದ ಈಜಿಗೆ ಶುಕ್ರವಾರವೇ ಗುಂಡಿ ಒತ್ತಬಹುದು. ಹಾಗಾಗಿ ಗಾತ್ರವನ್ನು ಟಬ್ಬಿನ ಆತುರಕ್ಕೆ ತಕ್ಕಂತೆ ಆರಿಸಬೇಕು. ಗ್ಯಾಸ್ ಹೀಟರನ್ನೇ ತರುವುದಾದರೆ, ಪೈಪು ತಾಳಿಕೊಳ್ಳುವುದಾದರೆ, 4 ಲಕ್ಷದ್ದನ್ನೇ ತನ್ನಿ ಎನ್ನುವುದು ನನ್ನ ಸಲಹೆ. ಎರಡೂವರೆ ಲಕ್ಷದ್ದಕ್ಕೂ ಅದಕ್ಕೂ ಬೆಲೆಯಲ್ಲಿ ಅಂತರ ದೊಡ್ಡದಲ್ಲ, ಅದೇ ನೀರನ್ನು ಅಷ್ಟೇ ಬಿಸಿ ಮಾಡಲು ಸುಡುವ ಗ್ಯಾಸೂ ಹೆಚ್ಚುಕಡಿಮೆ ಅಷ್ಟೇ.

ಟಬ್ಬಿನ ಬಿಸಿ 104 ಡಿಗ್ರಿ, ಅಂದರೆ 40 ಸೆಲ್ಸಿಯಸ್, ದಾಟಕೂಡದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತದೆ. ಬಕೆಟಿನಲ್ಲಿ ಮೈಸುಡುವ ನೀರು ಹೊಯ್ದುಕೊಂಡು ಬೆಳೆದ ನಮ್ಮ ಹಿರಿಯರಿಗೆ ಇದು ಉಗುರುಬೆಚ್ಚಗೆ ಎನಿಸಬಹುದು. ಕುತ್ತಿಗೆವರೆಗೆ ಮುಳುಗಿ ಕೂರುವುದು ಹೊಯ್ದುಕೊಳ್ಳುವುದರಂತಲ್ಲ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಆ 104 ಕೂಡ ಹೆಚ್ಚು.

ಹೀಟ್ ಪಂಪಿನೊಳಗೆ ಇರುವುದು ಎ.ಸಿ. ಯಂತ್ರವೇ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ದಾಟಿಸುತ್ತದೆ. ಕರೆಂಟು ಖರ್ಚಾಗುವುದು ಮುಖ್ಯವಾಗಿ ಕಂಪ್ರೆಸರಿಗೆ, ಫ್ಯಾನಿಗೆ. ಆದ್ದರಿಂದಲೇ ಒಂದು ಯೂನಿಟ್ ಕರೆಂಟಿಗೆ ಐದಾರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಈ ಅನುಪಾತಕ್ಕೆ ಸಿಒಪಿ ಎನ್ನುತ್ತಾರೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವ ಸಿಒಪಿ 80 ಡಿಗ್ರಿ ಗಾಳಿ, ಶೇ. 80 ತೇವಾಂಶ, 80 ಡಿಗ್ರಿ ನೀರಿನಲ್ಲಿ ಅಳೆದದ್ದು. ಅದು ಫ್ಲೋರಿಡಾದ ಹವೆ. ವಿವರಪಟ್ಟಿಯ ಕೆಳಗಿನ ಸಾಲಿನಲ್ಲಿ 50 ಡಿಗ್ರಿ ಗಾಳಿಯ ಅಂಕಿಯೂ ಇರುತ್ತದೆ. ಚಳಿಗಾಲದಲ್ಲಿ ಬಳಸುವವರು ಓದಬೇಕಾದ್ದು ಆ ಸಾಲನ್ನು. ಸಿಒಪಿ ನಾಲ್ಕರ ಸುತ್ತ ಇಳಿದಿರುತ್ತದೆ, ಅದಕ್ಕಿಂತ ಮುಖ್ಯವಾಗಿ ಗಂಟೆಗೆ 1,25,000 ಬಿಟಿಯು ಕೊಡುತ್ತಿದ್ದ ಯಂತ್ರ 80,000ದ ಆಸುಪಾಸಿಗೆ ಬಂದಿರುತ್ತದೆ. ಇನ್ನೂ ಚಳಿಯಾದರೆ ಸುರುಳಿಯ ಮೇಲೆ ಹಿಮ ಕಟ್ಟಿ ಸಾಮಾನ್ಯ ಮಾದರಿಗಳು ನಿಂತೇಬಿಡುತ್ತವೆ. ಹಿಮವನ್ನು ತಾವೇ ಕರಗಿಸಿಕೊಳ್ಳುವ ಮಾದರಿಗಳಿಗೆ ಬೆಲೆ ಹೆಚ್ಚು.

ಅದೇ ಹನ್ನೆರಡೂವರೆ ಲಕ್ಷ ಬಿಟಿಯು ಪೂಲನ್ನು ಮೇ ತಿಂಗಳಲ್ಲಿ ಹೀಟ್ ಪಂಪಿನಿಂದ ಕಾಯಿಸಿದರೆ, ಸಿಒಪಿ ಐದು ಎಂದು ಹಿಡಿದು, ಸುಮಾರು 73 ಯೂನಿಟ್ ಕರೆಂಟು. ಯೂನಿಟ್ಟಿಗೆ 35 ಸೆಂಟ್ ಆದರೆ ಇಪ್ಪತ್ತಾರು ಡಾಲರ್. ಗ್ಯಾಸಿನ ಮೂವತ್ತೆಂಟಕ್ಕಿಂತ ಕಡಿಮೆ. ಟೆಕ್ಸಾಸಿನಲ್ಲಿ ಕರೆಂಟು 14 ಸೆಂಟಿಗೆ ಸಿಗುವವರಿಗೆ ಹತ್ತೇ ಡಾಲರ್. ಆದರೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಕರೆಂಟು ದುಬಾರಿ. ಆ ಹೊತ್ತಿನ ದರ 60 ಸೆಂಟ್ ಎಂದುಕೊಳ್ಳಿ, ಗಾಳಿ ತಣ್ಣಗಿದ್ದು ಸಿಒಪಿ ನಾಲ್ಕು ಎಂದುಕೊಳ್ಳಿ. ನೀರಿಗೆ ಸೇರುವ ಒಂದು ಲಕ್ಷ ಬಿಟಿಯುಗೆ ಹೀಟ್ ಪಂಪ್ ನಾಲ್ಕು ಡಾಲರ್ ನಲವತ್ತು ಸೆಂಟ್ ನುಂಗುತ್ತದೆ, ಗ್ಯಾಸ್ ಹೀಟರು ಮೂರು ಡಾಲರ್ ಚಿಲ್ಲರೆ. ಚಳಿಗಾಲದ ಸಂಜೆ ಟಬ್ಬು ಕಾಯಿಸುವವರಿಗೆ ಹೀಟ್ ಪಂಪು ನಿಧಾನವೂ ಹೌದು, ಅಗ್ಗವೂ ಅಲ್ಲ. ಮಾರಾಟಗಾರರು ಕೊಡುವ ವರ್ಷದ ಉಳಿತಾಯದ ಕೋಷ್ಟಕದಲ್ಲಿ ಈ ಸಂಜೆ ಇರುವುದಿಲ್ಲ. ನಿಮ್ಮ ಬಿಲ್ಲು ತೆಗೆದು, ಥರ್ಮಿನ ದರ, ಹಗಲಿನ ಯೂನಿಟ್ಟಿನ ದರ, ಸಂಜೆಯ ದರ ಮೂರನ್ನೂ ಬರೆದುಕೊಂಡೇ ಮಾತಿಗೆ ಕೂರಿ.

ಚಾವಣಿಯ ಮೇಲೆ ಸೋಲಾರ್ ಫಲಕ ಇರುವವರ ಲೆಕ್ಕ ಮತ್ತೆ ಬೇರೆ. 2023ರ ಏಪ್ರಿಲ್ ನಂತರ ಕ್ಯಾಲಿಫೋರ್ನಿಯಾದ ದೊಡ್ಡ ಖಾಸಗಿ ಕಂಪನಿಗಳಲ್ಲಿ ಸೋಲಾರ್‌ಗೆ ಅರ್ಜಿ ಹಾಕಿದವರಿಗೆ, ಹೊರಗೆ ಕಳಿಸುವ ಕರೆಂಟಿಗೆ ಸಿಗುವ ಬೆಲೆ ಹೆಚ್ಚಿನ ಹೊತ್ತು ಕೆಲವೇ ಸೆಂಟ್. ಮಧ್ಯಾಹ್ನ ಹೆಚ್ಚಾದ ಕರೆಂಟನ್ನು ಪುಡಿಗಾಸಿಗೆ ಕೊಡುವ ಬದಲು ಹನ್ನೊಂದರಿಂದ ಮೂರರವರೆಗೆ ಹೀಟ್ ಪಂಪ್ ಓಡಿಸಿ ಪೂಲಿನಲ್ಲೇ ಕೂಡಿಡಬಹುದು. ಆ ಹೊತ್ತಿಗೆ ಗಾಳಿಯೂ ಬಿಸಿ. ಇಂಥ ಮನೆಗಳಿಗೆ ಪೂಲಿನ ಮಟ್ಟಿಗೆ ಹೀಟ್ ಪಂಪ್ ಬಿಟ್ಟು ಬೇರೆ ಮಾತೇ ಬೇಡ.

ಯಾವುದನ್ನು ಕೊಂಡರೂ ಮುಚ್ಚಿಗೆ ಇಲ್ಲದ ಪೂಲನ್ನು ಕಾಯಿಸುವುದು ವ್ಯರ್ಥ. ಪೂಲ್ ಶಾಖ ಕಳೆದುಕೊಳ್ಳುವುದು ಬಹುಪಾಲು ಆವಿಯ ಮೂಲಕ. ಒಂದು ಪೌಂಡ್ ನೀರು ಆವಿಯಾಗುವಾಗ ಸಾವಿರ ಬಿಟಿಯುಗಿಂತ ಸ್ವಲ್ಪ ಹೆಚ್ಚೇ ಎಳೆದುಕೊಂಡು ಹೋಗುತ್ತದೆ. ನಮ್ಮ ಪೂಲಿನ ಮೇಲ್ಮೈ 400 ಚದರಡಿ. ಗಾಳಿ ಬೀಸುವ ಒಣ ದಿನದಲ್ಲಿ ಕಾಲಿಂಚು ನೀರು ಆರಿದರೆ ಅದು ಅರವತ್ತೆರಡು ಗ್ಯಾಲನ್, ಐದೂವರೆ ಲಕ್ಷ ಬಿಟಿಯು ಲೆಕ್ಕ. ಇಡೀ ಪೂಲ್ ನಾಲ್ಕು ಡಿಗ್ರಿ ಇಳಿಯಲು ಅಷ್ಟು ಸಾಕು. ಮುಚ್ಚಿಗೆ ಹಾಕಿದರೆ ಕಾಯಿಸುವ ಖರ್ಚು ಶೇ. 50ರಿಂದ 70ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಗುಳ್ಳೆಗುಳ್ಳೆಯ ನೀಲಿ ಪ್ಲಾಸ್ಟಿಕ್ ಹಾಳೆ ಕೆಲವು ನೂರು ಡಾಲರಿಗೇ ಸಿಗುತ್ತದೆ. ಅದನ್ನು ದಿನವೂ ಸುತ್ತಿ ಬಿಚ್ಚುವ ಬೇಸರಕ್ಕೇ ಜನ ಬಿಡುವುದು. ಉರುಳೆ ಇಲ್ಲದೆ ಕೊಳ್ಳಬೇಡಿ. ಪುಟ್ಟ ಮಕ್ಕಳಿರುವ ಮನೆಯವರು ಗಮನಿಸಬೇಕು: ಈ ಗುಳ್ಳೆ ಹಾಳೆ ಭಾರ ತಡೆಯುವುದಿಲ್ಲ, ಅದು ಸುರಕ್ಷತೆಯ ಮುಚ್ಚಿಗೆ ಅಲ್ಲ.

ಚಾವಣಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಚಾಪೆಗಳನ್ನು ಹಾಸಿ ಅದರೊಳಗೆ ಪೂಲಿನ ನೀರನ್ನೇ ಹಾಯಿಸುವ ಸೋಲಾರ್ ಹೀಟರೂ ಉಂಟು. ಪೂಲಿನ ಮೇಲ್ಮೈಯ ಅರ್ಧದಿಂದ ಪೂರ್ತಿಯಷ್ಟು ಜಾಗ, ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಚಾವಣಿ ಬೇಕು. ಇಂಧನದ ಖರ್ಚಿಲ್ಲ, ಬೇಸಿಗೆಯ ಈಜಿಗೆ ಚೆನ್ನ, ಟಬ್ಬಿಗೆ ನಿರುಪಯೋಗಿ. ಕರೆಂಟು ಫಲಕಗಳು ಆಗಲೇ ಜಾಗ ಹಿಡಿದಿದ್ದರೆ ಈ ವಿಚಾರ ಕೈಬಿಡಬಹುದು.

ಎರಡನ್ನೂ ನಿಜವಾಗಿ ಬಳಸುವ ಮನೆಯಲ್ಲಿ ಒಂದೇ ಯಂತ್ರಕ್ಕೆ ಎರಡೂ ಹೊರೆ ಹೊರಿಸುವುದೇಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪೂಲಿಗೆ ಹೀಟ್ ಪಂಪು, ಟಬ್ಬಿಗೆ ಗ್ಯಾಸು, ಎರಡನ್ನೂ ಒಂದೇ ಕೊಳವೆ ಸಾಲಿನಲ್ಲಿ ಕೂರಿಸಿ ಕಂಟ್ರೋಲರ್ ಆರಿಸುವಂತೆ ಮಾಡಬಹುದು. ಹಳೆಯ ಗ್ಯಾಸ್ ಹೀಟರಿನಲ್ಲಿ ಕೆಟ್ಟಿದ್ದು ಬರೀ ಇಗ್ನೈಟರ್ ಆಗಿದ್ದರೆ ಅದನ್ನು ರಿಪೇರಿ ಮಾಡಿಸಿ ಟಬ್ಬಿಗೆ ಬಿಟ್ಟು, ಹೊಸದಕ್ಕೆ ಇಟ್ಟ ದುಡ್ಡಿನಲ್ಲಿ ಹೀಟ್ ಪಂಪ್ ತರುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ವರ್ಷಕ್ಕೆ ನಾಲ್ಕಾರು ಸಲ ಟಬ್ಬು, ಪೂಲಿಗೆ ಬೇಸಿಗೆಯ ಬಿಸಿಲೇ ಸಾಕು ಎನ್ನುವವರು ಮಾತ್ರ ಗ್ಯಾಸೊಂದರಲ್ಲೇ ಮುಗಿಸಿ. ಅವರಿಗೆ ಶೇ. 96 ದಕ್ಷತೆಯ ದುಬಾರಿ ಕಂಡೆನ್ಸಿಂಗ್ ಮಾದರಿಯೂ ಬೇಡ. ಉಳಿಯುವ ನಾಲ್ಕು ಕಾಸಿಗೆ ಆ ಬೆಲೆ ಎಂದೂ ಹುಟ್ಟುವುದಿಲ್ಲ.

ಅಂದಾಜು ಪಟ್ಟಿಯಲ್ಲಿ ಕಾಣದ ಖರ್ಚು ಅಡಗಿರುವುದು ಪೈಪಿನಲ್ಲಿ. ಗ್ಯಾಸ್ ಮೀಟರಿನ ಬಳಿ ಹೋಗಿ ಫಲಕ ನೋಡಿ. ಮನೆ ಮೀಟರುಗಳ ಮೇಲೆ ಹಲವು ಕಡೆ 250 ಎಂಬ ಅಂಕಿ ಇರುತ್ತದೆ, ಗಂಟೆಗೆ 250 ಘನ ಅಡಿ ಗ್ಯಾಸ್ ಎಂದರ್ಥ. ಒಂದು ಘನ ಅಡಿಗೆ ಹೆಚ್ಚುಕಡಿಮೆ ಸಾವಿರ ಬಿಟಿಯು; ಒಟ್ಟು ಎರಡೂವರೆ ಲಕ್ಷ. ಮನೆಯ ಫರ್ನೇಸು, ನೀರು ಕಾಯಿಸುವ ಟ್ಯಾಂಕು, ಒಲೆ, ಅದರ ಮೇಲೆ 4 ಲಕ್ಷದ ಪೂಲ್ ಹೀಟರು! ಗ್ಯಾಸ್ ಕಂಪನಿಗೆ ಒಟ್ಟು ಹೊರೆ ತಿಳಿಸಿ ಮೀಟರ್ ಬದಲಿಸಲು ಕೇಳಬೇಕಾಗಬಹುದು. ಪೈಪೂ ಅಷ್ಟೇ. ಮನೆಗಳಿಗೆ ಬರುವ ಕಡಿಮೆ ಒತ್ತಡದ ಗ್ಯಾಸಿಗೆ, 50 ಅಡಿ ಉದ್ದದ ಒಂದಿಂಚು ಕಬ್ಬಿಣದ ಪೈಪು ಒಯ್ಯುವುದು ಸುಮಾರು 2,84,000 ಬಿಟಿಯು, ಒಂದೂಕಾಲಿಂಚಿನದು 5,83,000. ಒಂದಿಂಚು ಪೈಪಿಗೆ 4 ಲಕ್ಷದ ಹೀಟರ್ ಜೋಡಿಸಿದರೆ ಬರ್ನರು ಹಸಿದಿರುತ್ತದೆ, ಹೊತ್ತಿ ಹೊತ್ತಿ ಆರುತ್ತದೆ, ಮಸಿ ಕಟ್ಟುತ್ತದೆ. ‘ಹೊಸ ಹೀಟರೇ ಸರಿಯಿಲ್ಲ’ ಎಂಬ ದೂರುಗಳ ಹಿಂದೆ ಎಷ್ಟೋ ಸಲ ಈ ಪೈಪಿರುತ್ತದೆ. ಹೀಟ್ ಪಂಪಿಗಾದರೆ 240 ವೋಲ್ಟಿನ, 50–60 ಆಂಪಿಯರಿನ ಪ್ರತ್ಯೇಕ ಬ್ರೇಕರ್ ಬೇಕು. ಹಳೆಯ ಮನೆಯ 100 ಆಂಪಿಯರ್ ಪ್ಯಾನೆಲ್ಲಿಗೆ ಈಗಾಗಲೇ ಕಾರಿನ ಚಾರ್ಜರ್ ನೇತುಹಾಕಿದ್ದರೆ ಜಾಗವಿದೆಯೇ ಎಂದು ಎಲೆಕ್ಟ್ರಿಷಿಯನ್ ಬಂದು ಲೆಕ್ಕ ಹಾಕಬೇಕು. ಯಾವುದೇ ಹೀಟರಾದರೂ ಅದರ ಲೋಹದ ಮೈಗೆ ಪೂಲಿನ ಬಾಂಡಿಂಗ್ ತಂತಿ (ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ದಪ್ಪ ತಾಮ್ರದ ತಂತಿ) ಬಿಗಿಯಾಗಿರಬೇಕು. ಹಳೆಯದನ್ನು ಕೀಳುವಾಗ ಬಿಚ್ಚಿದ ಆ ತಂತಿಯನ್ನು ಮತ್ತೆ ಕಟ್ಟದೆ ಹೋಗುವವರೂ ಇದ್ದಾರೆ. ಇದೊಂದನ್ನು ಕಣ್ಣಾರೆ ನೋಡಿಕೊಳ್ಳಿ.

ಟಬ್ಬು ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತಿತ್ತು ಎಂಬ ಕಾರಣಕ್ಕೇ ಹೀಟರ್ ಬದಲಿಸಹೊರಟವರು ಮೊದಲು ವಾಲ್ವುಗಳನ್ನು ನೋಡಬೇಕು. ಟಬ್ಬು ಕಾಯುವಾಗ ನೀರು ಟಬ್ಬಿನಿಂದಲೇ ಎಳೆದು ಟಬ್ಬಿಗೇ ಮರಳಬೇಕು. ಮೂರು ಬಾಯಿಯ ವಾಲ್ವು ಸವೆದು ಒಂದಿಷ್ಟು ನೀರನ್ನು ಪೂಲಿನಿಂದ ಎಳೆದರೆ, ಟಬ್ಬು ತುಂಬಿ ಅಂಚಿನಿಂದ ಬಿಸಿನೀರು ಪೂಲಿಗೆ ಇಳಿಯುತ್ತಲೇ ಇರುತ್ತದೆ. ಬಚ್ಚಲ ಹಂಡೆಗೆ ಒಂದು ಕಡೆ ಸೌದೆ ಒಟ್ಟುತ್ತ ಇನ್ನೊಂದು ಕಡೆ ತಣ್ಣೀರು ಬಿಟ್ಟ ಹಾಗೆ. ಕೆಲವು ಡಾಲರಿನ ಒಳಮೈ ರಬ್ಬರ್ ಬಳೆ ಬದಲಿಸಿದರೆ ಸರಿಹೋಗುವ ತೊಂದರೆ ಅದು.

ಅಂಗಳದಲ್ಲಿ ಪ್ರತ್ಯೇಕವಾಗಿ ಇಡುವ ಫೈಬರ್ ಹಾಟ್ ಟಬ್ಬಿನ ವಿಷಯವೇ ಬೇರೆ. ಅದರೊಳಗಿರುವುದು ಕರೆಂಟಿನ ಕಾಯಿಲ್, ಹೆಚ್ಚಿನವುಗಳಲ್ಲಿ 240 ವೋಲ್ಟಿಗೆ ಐದೂವರೆ ಕಿಲೋವಾಟ್. ಸರಿಯಿರುವ ಕಾಯಿಲ್ಲಿನ ರೋಧ ಹತ್ತು ಓಮ್ ಚಿಲ್ಲರೆ ಬರಬೇಕು; ಬ್ರೇಕರ್ ಪದೇಪದೇ ಬೀಳುತ್ತಿದ್ದರೆ ಕಾಯಿಲ್ಲಿನ ಹೊದಿಕೆ ಬಿರುಕುಬಿಟ್ಟು ನೀರು ಒಳಹೊಕ್ಕಿರಬಹುದು. ಕಾಯಿಲ್ಲಿರುವ ಕೊಳವೆಯನ್ನಷ್ಟೇ ಬದಲಿಸಿದರೆ ಸಾಕು, ಟಬ್ಬು ಬದಲಿಸಬೇಕಿಲ್ಲ. ಮಾಮೂಲಿ ಗೋಡೆ ಪ್ಲಗ್ಗಿಗೆ ಸಿಕ್ಕಿಸಿದ 120 ವೋಲ್ಟಿನ ಟಬ್ಬಿನಲ್ಲಿ ಅದೇ ಕಾಯಿಲ್ ಕಾಲುಭಾಗ ಶಕ್ತಿಯಲ್ಲಿ ಕಾಯುತ್ತದೆ. ಅಂಥದ್ದನ್ನು ಕೊಂಡು ನಿಧಾನವೆಂದು ಗೊಣಗುವವರಿಗೆ ಬೇಕಿರುವುದು ಹೊಸ ವೈರಿಂಗ್.

ಡಲ್ಲಾಸ್, ಆಸ್ಟಿನ್ ಕಡೆಯವರಿಗೆ ಇನ್ನೊಂದು ಮಾತು. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಕರೆಂಟು ಹೋಗಿ ಪಂಪುಗಳು ನಿಂತು, ನಿಂತ ನೀರು ಹೀಟರಿನೊಳಗೇ ಗಡ್ಡೆಗಟ್ಟಿ ಕೊಳವೆಗಳು ಸೀಳಿದವು. ಹೊಸ ಹೀಟರ್ ಕೂರಿಸಿದ ದಿನವೇ ನೀರು ಬಸಿಯುವ ಬಿರಡೆ ಎಲ್ಲಿದೆ ಎಂದು ತೋರಿಸಿಕೊಳ್ಳಿ, ಅದನ್ನು ತಿರುಗಿಸುವಷ್ಟು ಜಾಗ ಬಿಟ್ಟಿದ್ದಾರೆಯೇ ನೋಡಿ.

ಕೆಲಸ ಕೊಡುವಾಗ ಕ್ಯಾಲಿಫೋರ್ನಿಯಾದಲ್ಲಿ ಪೂಲ್ ಗುತ್ತಿಗೆದಾರರ ಸಿ–53 ಲೈಸೆನ್ಸ್ ಇದೆಯೇ ಎಂದು ರಾಜ್ಯದ ಲೈಸೆನ್ಸ್ ಮಂಡಳಿಯ ಪಟ್ಟಿಯಲ್ಲಿ ನೋಡಬಹುದು. ಮನೆ ಕೆಲಸಕ್ಕೆ ಮುಂಗಡವಾಗಿ ಒಪ್ಪಂದದ ಶೇ. 10 ಅಥವಾ ಸಾವಿರ ಡಾಲರ್, ಯಾವುದು ಕಡಿಮೆಯೋ ಅಷ್ಟನ್ನೇ ಕೇಳಬೇಕೆಂಬುದು ಅಲ್ಲಿನ ಕಾನೂನು. ಅರ್ಧ ದುಡ್ಡು ಈಗಲೇ ಕೊಡಿ ಎಂದವನಿಗೆ ಇದನ್ನು ನೆನಪಿಸಿ. ನಗರದ ಪರ್ಮಿಟ್ ಬೇಡ ಎನ್ನುವವನ ಅಗ್ಗದ ಅಂದಾಜು ಬೇಡ; ಗ್ಯಾಸ್ ಸೋರಿಕೆಯನ್ನೂ ಹೊಗೆ ಕಿಟಕಿಯಿಂದ ಎಷ್ಟು ದೂರ ಎಂಬುದನ್ನೂ ಮೂರನೆಯವರೊಬ್ಬರು ಬಂದು ನೋಡುವುದು ಪರ್ಮಿಟ್ಟಿನಿಂದ ಮಾತ್ರ. ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿ ತಾವೇ ಕೂರಿಸಿದರೆ ಹಲವು ಕಂಪನಿಗಳ ವಾರಂಟಿ ಪೂರ್ತಿ ಸಿಗುವುದಿಲ್ಲ, ಮೊದಲೇ ಓದಿಕೊಳ್ಳಿ.

ಕೂರಿಸಿದ ದಿನ ಕೆಲಸದವರು ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಹೀಟರಿಗೆ ಹೋಗುವ ನೀರಿನ ಬಿಸಿ, ಹೊರಬರುವ ನೀರಿನ ಬಿಸಿ ಎರಡನ್ನೂ ಅಳೆಯಬೇಕು. 4 ಲಕ್ಷದ ಹೀಟರಿನಲ್ಲಿ ನಿಮಿಷಕ್ಕೆ 40 ಗ್ಯಾಲನ್ ಹರಿಯುತ್ತಿದ್ದರೆ ಅಂತರ ಹದಿನಾರು ಡಿಗ್ರಿಯ ಸುತ್ತ, 60 ಗ್ಯಾಲನ್ ಆದರೆ ಹನ್ನೊಂದರ ಸುತ್ತ ಬರಬೇಕು. ಅದಕ್ಕಿಂತ ತೀರ ಕಡಿಮೆ ಬಂದರೆ, ಮನೆಯ ಫರ್ನೇಸು, ಒಲೆ ಎಲ್ಲವನ್ನೂ ಹೊತ್ತಿಸಿಟ್ಟು ಹೀಟರಿನ ಬಾಯಲ್ಲಿ ಗ್ಯಾಸಿನ ಒತ್ತಡ ಅಳೆಯಲು ಹೇಳಿ. ಕೊನೆಯ ಕಂತಿನ ಚೆಕ್ ಅಲ್ಲಿಯವರೆಗೆ ನಿಮ್ಮ ಬಳಿಯೇ ಇರಲಿ.